ಪದ ಪರಿಚಯ: ಕ್ವಾರಂಟೈನ್

ಈ ಪದದ ಬೇರು ವೆನಿಸ್ಸಿನ ಆಡುಮಾತಿನಲ್ಲಿದೆ. ಅಲ್ಲಿ ಇದರ ಅರ್ಥ ನಲವತ್ತು ದಿನಗಳ ಅವಧಿ. ಈಗ ಡುಬ್ರೋವ್ನಿಕ್ ಎನಿಸಿಕೊಂಡ ರಗೂಸಾ ಪಟ್ಟಣ 1377ರಲ್ಲಿ ಪ್ಲೇಗ್ ಬಿದ್ದ ಊರುಗಳಿಂದ ಬಂದವರನ್ನು ಮೂವತ್ತು ದಿನ ಹೊರಗಿರಿಸಿತು. ಮುಂದೆ ಅದು ನಲವತ್ತಾಯಿತು. ಯಾಕೆ ನಲವತ್ತೇ? ವೈದ್ಯರಿಗಿಂತ ಬೈಬಲ್ಲಿನ ಲೆಕ್ಕವೇ ಕೆಲಸ ಮಾಡಿರಬೇಕು ಎಂಬ ವಾದವಿದೆ. ಯೇಸು ಅಡವಿಯಲ್ಲಿ ಉಪವಾಸವಿದ್ದದ್ದು ನಲವತ್ತು ದಿನ. ಈಸ್ಟರಿಗೆ ಮುಂಚಿನ ತಪಸ್ಸುಕಾಲವೂ ಅಷ್ಟೇ. ಇಟಲಿಯವರು ಆ ಕಾಲವನ್ನು 'ಕ್ವಾರೇಸಿಮ' ಎನ್ನುತ್ತಾರೆ, ಬೇರು ಒಂದೇ. ಉಪವಾಸ ಮುಗಿದರೆ ಹಬ್ಬ, ಗಡುವು ಮುಗಿದರೆ ಊರೊಳಗೆ ಪ್ರವೇಶ.

ಕೋವಿಡ್ ಹರಡಿದ್ದ 2020ರಲ್ಲಿ ಈಸ್ಟರ್ ಏಪ್ರಿಲ್ 12ಕ್ಕೆ ಬಂತು. ಪೋಪ್ ಫ್ರಾನ್ಸಿಸ್ ಜನರಿಲ್ಲದ ಸಂತ ಪೇತ್ರರ ಬಸಿಲಿಕದಲ್ಲಿ ಬಲಿಪೂಜೆ ಅರ್ಪಿಸಿದರು. ಭರವಸೆಯೂ ಒಂದು ಸೋಂಕೇ, ಹೃದಯದಿಂದ ಹೃದಯಕ್ಕೆ ಹರಡುವಂಥದ್ದು ಎಂದರು. ನಮ್ಮಲ್ಲೂ ಚರ್ಚುಗಳ ಬಾಗಿಲು ಮುಚ್ಚಿತ್ತು, ಪೂಜೆ ಮೊಬೈಲಿನಲ್ಲಿ. ವಿದೇಶದಿಂದ ಬಂದವರ ಕೈಮೇಲೆ ಸೀಲು, 14 ದಿನ ಮನೆಯಲ್ಲೇ ವಾಸ. ನಲವತ್ತು ಹೆಸರಿನಲ್ಲಷ್ಟೇ ಉಳಿದಿತ್ತು!

ಕನ್ನಡದಲ್ಲಿ 'ದಿಗ್ಬಂಧನ' ಎಂದೂ ಬರೆದದ್ದುಂಟು. ಅದರಲ್ಲಿ ಕಟ್ಟು ಇದೆ, ಬಿಡುಗಡೆಯ ದಿನವಿಲ್ಲ. ನನ್ನ ಮತ ಕ್ವಾರಂಟೈನಿಗೇ.