ಹೋಸ್ಟ್: ಒಂದು ಪದ, ಮೂರು ಮೂಲಗಳು

ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ದೇವಾಲಯದ ಕಲ್ಲುಮಣ್ಣಿನ ಚರಿತ್ರೆಯನ್ನು ಸ್ಮರಿಸುವಂತೆಯೇ, ಅದರೊಳಗೆ ಉಚ್ಚರಿಸಲ್ಪಡುವ ಪದಗಳ ಚರಿತ್ರೆಯನ್ನೂ ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ. ಅಂತಹ ಪದಗಳಲ್ಲಿ ‘ಹೋಸ್ಟ್’ ಎಂಬ ಆಂಗ್ಲ ಪದವೂ ಒಂದು. ಅತಿಥಿಯನ್ನು ಸತ್ಕರಿಸುವವನು ಹೋಸ್ಟ್; ದೊಡ್ಡ ಸೈನ್ಯವೂ ಹೋಸ್ಟ್; ಬಲಿಪೂಜೆಯಲ್ಲಿ ಗುರುಗಳು ಎತ್ತಿ ತೋರಿಸುವ ಪವಿತ್ರ ರೊಟ್ಟಿಯೂ ಹೋಸ್ಟ್. ಆಂಗ್ಲ ಪೂಜೆಯಲ್ಲಿ ದೇವರನ್ನು ‘ಹೋಸ್ಟ್‌ಗಳ ಪ್ರಭು’ ಎಂದು ಸ್ತುತಿಸುವಾಗ ಮಕ್ಕಳು ಪರಮಪ್ರಸಾದವನ್ನೇ ನೆನೆದರೆ ತಪ್ಪು ಅವರದಲ್ಲ.

ನಿಜಕ್ಕೂ ಇವು ಮೂರು ಬೇರೆ ಬೇರೆ ಪದಗಳು. ಲತೀನ್ ಭಾಷೆಯಲ್ಲಿ ‘ಹೋಸ್ಪೆಸ್’ ಎಂದರೆ ಆತಿಥೇಯ, ‘ಹೋಸ್ತಿಸ್’ ಎಂದರೆ ಶತ್ರು, ‘ಹೋಸ್ತಿಯಾ’ ಎಂದರೆ ಬಲಿಪ್ರಾಣಿ. ಮಧ್ಯಯುಗದಲ್ಲಿ ಶತ್ರುವಾಚಕ ಪದವು ಸೈನ್ಯವೆಂಬ ಅರ್ಥವನ್ನು ತಾಳಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ತರುವಾಯದ ಶತಮಾನಗಳಲ್ಲಿ ಈ ಮೂರೂ ಫ್ರೆಂಚ್ ಭಾಷೆಯ ಮೂಲಕ ಆಂಗ್ಲಕ್ಕೆ ಬಂದು, ಸವೆದು, ಒಂದೇ ರೂಪ ಪಡೆದವು. ಅದಕ್ಕೂ ಮುನ್ನ ಆಂಗ್ಲರು ಪರಮಪ್ರಸಾದವನ್ನು ‘ಹೌಸೆಲ್’ ಎಂಬ ತಮ್ಮದೇ ಪದದಿಂದ ಕರೆಯುತ್ತಿದ್ದರು.

ಆಂಗ್ಲ ಬೈಬಲಿನ 1611ರ ಅನುವಾದದಲ್ಲಿ, ದಯಾಳು ಸಮಾರ್ಯದವನು ಗಾಯಾಳುವಿನ ಆರೈಕೆಗೆ ಹಣ ಕೊಡುವುದು ಛತ್ರದ ‘ಹೋಸ್ಟ್’ಗೆ, ಬೆತ್ಲೆಹೇಮಿನ ಕುರುಬರಿಗೆ ಕಾಣಿಸಿಕೊಂಡ ದೇವದೂತರ ಸಮೂಹವೂ ಸ್ವರ್ಗದ ‘ಹೋಸ್ಟ್’. ಎರಡೂ ಸಂತ ಲೂಕರ ಶುಭಸಂದೇಶದಲ್ಲೇ ಇವೆ. ಪೂಜೆಯ ‘ಪವಿತ್ರ, ಪವಿತ್ರ’ ಸ್ತುತಿಯಲ್ಲಿ ಬರುವುದು ಈ ಸೇನೆಯ ಅರ್ಥ. ಅಲ್ಲಿ ಲತೀನ್ ಪೂಜೆಯು ‘ಸಾಬಾವೋತ್’ ಎಂಬ ಹೀಬ್ರೂ ಪದವನ್ನೇ ಉಳಿಸಿಕೊಂಡಿತ್ತು. 1973ರ ಆಂಗ್ಲ ಪೂಜಾಗ್ರಂಥವು ಅದನ್ನು ಬಲಪರಾಕ್ರಮಗಳ ದೇವರೆಂದು ತಿಳಿಯಾಗಿಸಿತು. 2011ರಲ್ಲಿ ಜಾರಿಗೆ ಬಂದ ಪರಿಷ್ಕೃತ ಅನುವಾದವು ‘ಹೋಸ್ಟ್‌ಗಳ’ ಎಂಬ ಪದವನ್ನು ಮರಳಿ ತಂದಿತು.

ಕನ್ನಡಿಗರಿಗೆ ಈ ತೊಡಕಿಲ್ಲ. ಆತಿಥೇಯ, ಸೇನೆ, ಪರಮಪ್ರಸಾದ ಎಂಬ ಮೂರು ಪದಗಳು ನಮಗಿವೆ. ‘ಸೇನಾಧೀಶ್ವರ’ ಎಂದಾಗ ಯಾರೂ ರೊಟ್ಟಿಯನ್ನು ನೆನೆಯರು. ಕರಾವಳಿಯ ಕೊಂಕಣಿ ಬಾಂಧವರು ಹೇಳುವ ‘ಓಸ್ತ್’ ಮಾತ್ರ ‘ಹೋಸ್ತಿಯಾ’ದ ಕುಡಿ, ಅದು ಪೋರ್ಚುಗೀಸರ ಮೂಲಕ ಬಂದುದು.

ಆದರೆ ಈ ಚರಿತ್ರೆಯಲ್ಲಿ ನಮ್ಮ ಮನಸ್ಸಾಕ್ಷಿಯನ್ನು ಮುಟ್ಟುವ ಅಂಶವೊಂದಿದೆ. ಆತಿಥೇಯನ ಪದವೂ ಶತ್ರುವಿನ ಪದವೂ ಹಿಂದೆ ಒಂದೇ ಬೇರಿನಿಂದ ಹುಟ್ಟಿದವು. ‘ಹೋಸ್ತಿಸ್’ ಎಂದರೆ ಮೊದಲು ಕೇವಲ ಪರಕೀಯನೆಂದೇ ಅರ್ಥವಿತ್ತೆಂದು ಕ್ರಿಸ್ತಪೂರ್ವ ಮೊದಲ ಶತಮಾನದ ರೋಮನ್ ಪಂಡಿತ ಸಿಸೆರೋ ಬರೆದಿದ್ದಾನೆ. ಬಾಗಿಲಿಗೆ ಬಂದ ಅಪರಿಚಿತನು ಅತಿಥಿಯಾಗುವನೋ ಶತ್ರುವಾಗುವನೋ ಎಂಬುದು ಬಹುಮಟ್ಟಿಗೆ ಬಾಗಿಲು ತೆರೆಯುವವನ ಕೈಯಲ್ಲಿದೆ. ‘ಹೋಸ್ಪೆಸ್’ ಪದಕ್ಕಂತೂ ಆತಿಥೇಯ, ಅತಿಥಿ ಎಂಬ ಎರಡೂ ಅರ್ಥಗಳಿದ್ದವು. ಅಂತಿಮ ತೀರ್ಪಿನ ದಿನ ಪ್ರಭು ಕ್ರಿಸ್ತರು ತಮ್ಮನ್ನು ಅಪರಿಚಿತನೆಂದು ಕರೆದುಕೊಳ್ಳುವಲ್ಲಿ, ಮತ್ತಾಯರ ಶುಭಸಂದೇಶದ ಲತೀನ್ ಅನುವಾದವು ಬಳಸಿರುವುದು ‘ಹೋಸ್ಪೆಸ್’ ಪದವನ್ನೇ. ಎಫೆಸದವರಿಗೆ ಬರೆದ ಪತ್ರದಲ್ಲಿ ಅವರೇ ‘ಹೋಸ್ತಿಯಾ’.

ಹೀಗೆ ಪೀಠದ ಮೇಲೆ ಬಲಿಯಾದವರೂ, ನಮ್ಮನ್ನು ಭೋಜನಕ್ಕೆ ಕರೆಯುವವರೂ, ಬಾಗಿಲಲ್ಲಿ ಅಪರಿಚಿತರಾಗಿ ನಿಲ್ಲುವವರೂ ಒಬ್ಬರೇ. ಪರಮಪ್ರಸಾದ ಸ್ವೀಕರಿಸಿ ಹೊರಬರುವ ನಾವು ದೇವಾಲಯದ ಮೆಟ್ಟಿಲಲ್ಲಿ ನಿಂತ ಹೊಸಬನನ್ನು ಕಂಡೂ ಕಾಣದಂತೆ ನಡೆದರೆ, ಒಳಗೆ ಆರಾಧಿಸಿದವರನ್ನೇ ಹೊರಗೆ ತೊರೆದಂತೆ. ಧರ್ಮಕೇಂದ್ರದ ಎರಡನೆಯ ಶತಮಾನವು ಇಂತಹ ಆತಿಥ್ಯದಿಂದ ಆರಂಭವಾಗಲೆಂದು ಪ್ರಾರ್ಥಿಸುತ್ತೇವೆ.