ತುರ್ತು ಪರಿಸ್ಥಿತಿಯ ಪತ್ರಿಕಾ ಸೆನ್ಸಾರ್ (ಭಾರತ, ೧೯೭೫–೧೯೭೭)

ತುರ್ತು ಪರಿಸ್ಥಿತಿಯ ಪತ್ರಿಕಾ ಸೆನ್ಸಾರ್ ಎಂದರೆ ೧೯೭೫ರ ಜೂನ್ ೨೬ರಂದು ಭಾರತದ ಪತ್ರಿಕೆಗಳ ಮೇಲೆ ಕೇಂದ್ರ ಸರ್ಕಾರವು ಹೇರಿದ ಮುದ್ರಣಪೂರ್ವ ಪರಿಶೀಲನೆಯ ವ್ಯವಸ್ಥೆ. ಸುದ್ದಿ, ಲೇಖನ, ವ್ಯಂಗ್ಯಚಿತ್ರಗಳು ಅಚ್ಚಾಗುವ ಮೊದಲೇ ಅಧಿಕಾರಿಯ ಒಪ್ಪಿಗೆ ಪಡೆಯಬೇಕಾಗಿತ್ತು. ೧೯೭೭ರ ಜನವರಿಯಲ್ಲಿ ಲೋಕಸಭಾ ಚುನಾವಣೆ ಘೋಷಣೆಯಾದಾಗ ಇದು ಸಡಿಲಗೊಂಡಿತು. ಅದೇ ವರ್ಷ ಮಾರ್ಚ್ ೨೧ರಂದು ತುರ್ತು ಪರಿಸ್ಥಿತಿಯೇ ಕೊನೆಗೊಂಡಿತು.

ಹಿನ್ನೆಲೆ

ಸಂವಿಧಾನದ ೧೯(೧)(ಎ) ವಿಧಿಯು ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ನೀಡುತ್ತದೆ. ಪತ್ರಿಕಾ ಸ್ವಾತಂತ್ರ್ಯದ ಹೆಸರು ಅಲ್ಲಿ ಪ್ರತ್ಯೇಕವಾಗಿ ಇಲ್ಲದಿದ್ದರೂ ಅದು ಇದರಲ್ಲಿಯೇ ಅಡಕವಾಗಿದೆಯೆಂದು ನ್ಯಾಯಾಲಯಗಳು ಒಪ್ಪಿವೆ. ೧೯೫೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎರಡು ಮಹತ್ವದ ತೀರ್ಪುಗಳನ್ನು ನೀಡಿತು. ರೊಮೇಶ್ ಥಾಪರ್ ಅವರ 'ಕ್ರಾಸ್ ರೋಡ್ಸ್' ವಾರಪತ್ರಿಕೆಗೆ ಮದರಾಸು ರಾಜ್ಯವು ವಿಧಿಸಿದ್ದ ಪ್ರವೇಶ ನಿಷೇಧ ಒಂದರಲ್ಲಿ ರದ್ದಾಯಿತು. 'ಆರ್ಗನೈಸರ್' ಪತ್ರಿಕೆಯ ಮೇಲೆ ದೆಹಲಿಯ ಆಡಳಿತವು ಹೇರಿದ್ದ ಮುದ್ರಣಪೂರ್ವ ಪರಿಶೀಲನೆ ಇನ್ನೊಂದರಲ್ಲಿ ರದ್ದಾಯಿತು. ಮರುವರ್ಷವೇ ಬಂದ ಮೊದಲನೆಯ ತಿದ್ದುಪಡಿಯು 'ಸಾರ್ವಜನಿಕ ಸುವ್ಯವಸ್ಥೆ'ಯೇ ಮೊದಲಾದ ಕಾರಣಗಳನ್ನು ಸೇರಿಸಿ ನಿರ್ಬಂಧಕ್ಕೆ ದಾರಿಯನ್ನು ಅಗಲಗೊಳಿಸಿತು.

೧೯೭೧ರ ಯುದ್ಧಕಾಲದಲ್ಲಿ ಘೋಷಿಸಿದ್ದ ತುರ್ತು ಪರಿಸ್ಥಿತಿ ೧೯೭೫ರಲ್ಲಿಯೂ ಜಾರಿಯಲ್ಲಿತ್ತು ಎಂಬುದನ್ನು ಹಲವರು ಮರೆಯುತ್ತಾರೆ. ೩೫೮ನೆಯ ವಿಧಿಯ ಪ್ರಕಾರ ೧೯ನೆಯ ವಿಧಿಯ ರಕ್ಷಣೆ ಆಗಲೇ ಅಮಾನತಾಗಿತ್ತು. ಜೂನ್ ೨೫ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ಸಹಿ ಮಾಡಿದ್ದು ಎರಡನೆಯ ಘೋಷಣೆಗೆ.

ಸೆನ್ಸಾರ್ ಕಾರ್ಯವಿಧಾನ

ಆ ರಾತ್ರಿ ದೆಹಲಿಯ ಬಹಾದೂರ್ ಶಾ ಜಫರ್ ಮಾರ್ಗದ ಪತ್ರಿಕಾ ಕಚೇರಿಗಳಿಗೆ ವಿದ್ಯುತ್ ಕಡಿತವಾಯಿತು. ಬೇರೆ ಪ್ರದೇಶದಲ್ಲಿದ್ದ 'ಸ್ಟೇಟ್ಸ್‌ಮನ್' ಮತ್ತು 'ಹಿಂದೂಸ್ತಾನ್ ಟೈಮ್ಸ್' ಮಾತ್ರ ಇದರಿಂದ ಪಾರಾದವು. ಮರುದಿನ ಭಾರತ ರಕ್ಷಣಾ ನಿಯಮಗಳ ೪೮ನೆಯ ನಿಯಮದಡಿ ಸೆನ್ಸಾರ್ ಆದೇಶ ಹೊರಬಿತ್ತು. ಎಚ್. ಜೆ. ಡಿಪೆನ್ಹಾ ಮುಖ್ಯ ಸೆನ್ಸಾರ್ ಅಧಿಕಾರಿಯಾದರು. ವಾರ್ತಾ ಮತ್ತು ಪ್ರಸಾರ ಖಾತೆಯು ಐ. ಕೆ. ಗುಜ್ರಾಲ್ ಅವರಿಂದ ವಿ. ಸಿ. ಶುಕ್ಲ ಅವರ ಕೈಗೆ ಹೋಯಿತು.

ಆದೇಶವು ಕಾಗದದ ಮೇಲೆ ಕೆಲವು ವಿಷಯಗಳಿಗೆ ಸೀಮಿತವಾಗಿತ್ತು. ಆಚರಣೆಯಲ್ಲಿ ಹಾಗಿರಲಿಲ್ಲ. ಮಾರ್ಗಸೂಚಿಗಳು ಆದೇಶವನ್ನು ಮೀರಿ ಬೆಳೆದವು, ದೂರವಾಣಿಯ ಬಾಯಿಮಾತಿನ ಸೂಚನೆಗಳು ಮಾರ್ಗಸೂಚಿಗಳನ್ನೂ ಮೀರಿದವು. ಜೂನ್ ೨೮ರಂದು 'ಇಂಡಿಯನ್ ಎಕ್ಸ್‌ಪ್ರೆಸ್' ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಪ್ರತಿಭಟಿಸಿತು; ಬಳಿಕ ಜಾಗ ಖಾಲಿ ಬಿಡುವುದೂ ನಿಷಿದ್ಧವಾಯಿತು. ಕತ್ತರಿ ಬಿದ್ದುದರ ಗುರುತನ್ನೂ ಅಳಿಸಿದ್ದು ಈ ವ್ಯವಸ್ಥೆಯ ಮುಖ್ಯ ಲಕ್ಷಣ. ತನಗೆ ತಲುಪದಿರುವುದು ಏನೆಂಬುದು ಮಾತ್ರವಲ್ಲ, ಏನೋ ಒಂದು ತಲುಪಿಲ್ಲ ಎಂಬುದೂ ಓದುಗನಿಗೆ ತಿಳಿಯದಂತಾಯಿತು.

ಇದರ ಪರಿಣಾಮ ಸಂಪಾದಕರ ಮಾನಾಪಮಾನಕ್ಕೆ ಸೀಮಿತವಾಗಿರಲಿಲ್ಲ. ೧೯೭೬ರ ಏಪ್ರಿಲ್‌ನಲ್ಲಿ ದೆಹಲಿಯ ತುರ್ಕ್‌ಮನ್ ಗೇಟ್ ಬಳಿ ಮನೆಗಳನ್ನು ಕೆಡವಿ ಗುಂಡು ಹಾರಿಸಿದಾಗ ಆ ಸಂಗತಿ ಪತ್ರಿಕೆಗಳಲ್ಲಿ ಬರಲಿಲ್ಲ. ೧೯೭೬–೭೭ರ ಒಂದೇ ವರ್ಷದಲ್ಲಿ ೮೦ ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳ ಹಿಂದಿದ್ದ ಬಲಾತ್ಕಾರವನ್ನು ವರದಿ ಮಾಡುವಂತಿರಲಿಲ್ಲ. ಅಂದಿನ ಪತ್ರಿಕೆಗಳ ಕಡತಗಳನ್ನು ಇಂದು ಆಕರವಾಗಿ ಬಳಸುವವರು ಇದನ್ನು ನೆನಪಿನಲ್ಲಿಡಬೇಕಾಗುತ್ತದೆ.

ಕಾನೂನು ಮತ್ತು ಸಂಸ್ಥೆಗಳು

೧೯೭೫ರ ಡಿಸೆಂಬರ್‌ನಲ್ಲಿ ಮೂರು ಸುಗ್ರೀವಾಜ್ಞೆಗಳು ಬಂದವು. ಒಂದು 'ಆಕ್ಷೇಪಾರ್ಹ' ಬರಹಗಳ ಪ್ರಕಟಣೆಯನ್ನು ತಡೆಯುವಂಥದು. ಇನ್ನೊಂದು ಪತ್ರಿಕಾ ಮಂಡಳಿಯನ್ನು ರದ್ದುಗೊಳಿಸಿತು. ಮೂರನೆಯದು ಸಂಸತ್ತಿನ ಕಲಾಪಗಳನ್ನು ವರದಿ ಮಾಡುವವರಿಗೆ ರಕ್ಷಣೆ ನೀಡಿದ್ದ ೧೯೫೬ರ ಕಾಯಿದೆಯನ್ನು ತೆಗೆದುಹಾಕಿತು. ಈ ಕಾಯಿದೆಯ ಮಸೂದೆಯನ್ನು ಮಂಡಿಸಿದ್ದವರು ಪ್ರಧಾನಿ ಇಂದಿರಾ ಗಾಂಧಿಯವರ ಪತಿ ಫಿರೋಜ್ ಗಾಂಧಿ. ಮೊದಲನೆಯ ಸುಗ್ರೀವಾಜ್ಞೆ ೧೯೭೬ರಲ್ಲಿ ಕಾಯಿದೆಯಾಯಿತಲ್ಲದೆ, ಸಂವಿಧಾನದ ಒಂಬತ್ತನೆಯ ಅನುಸೂಚಿಯನ್ನೂ ಸೇರಿತು. ತಾತ್ಕಾಲಿಕ ಕ್ರಮಕ್ಕೆ ಇಷ್ಟು ಗಟ್ಟಿಯಾದ ಕೋಟೆ ಬೇಕಿರಲಿಲ್ಲ; ನಿರ್ಬಂಧವನ್ನು ಶಾಶ್ವತಗೊಳಿಸುವ ಉದ್ದೇಶ ಇಲ್ಲಿ ಸ್ಪಷ್ಟವಾಗಿದೆ. ೧೯೭೬ರ ಫೆಬ್ರವರಿಯಲ್ಲಿ ಪಿಟಿಐ, ಯುಎನ್‌ಐ, ಸಮಾಚಾರ ಭಾರತಿ, ಹಿಂದೂಸ್ತಾನ್ ಸಮಾಚಾರ ಎಂಬ ನಾಲ್ಕು ಸುದ್ದಿಸಂಸ್ಥೆಗಳನ್ನು 'ಸಮಾಚಾರ್' ಎಂಬ ಒಂದೇ ಸಂಸ್ಥೆಯಾಗಿ ಒಗ್ಗೂಡಿಸಲಾಯಿತು.

ಪ್ರತಿರೋಧ

ಬಹುಪಾಲು ಪತ್ರಿಕೆಗಳು ಮಣಿದವು. ಮಣಿಯದವರ ಸಂಖ್ಯೆ ಚಿಕ್ಕದಾದರೂ ಅವರ ದಾಖಲೆ ಉಳಿದಿದೆ. ಪತ್ರಕರ್ತ ಕುಲದೀಪ್ ನಯ್ಯರ್ ಅವರನ್ನು ೧೯೭೫ರ ಜುಲೈನಲ್ಲಿ ಆಂತರಿಕ ಭದ್ರತಾ ನಿರ್ವಹಣಾ ಕಾಯಿದೆ (ಮೀಸಾ) ಅಡಿಯಲ್ಲಿ ಬಂಧಿಸಲಾಯಿತು. ರಾಮನಾಥ ಗೋಯೆಂಕಾ ಅವರ ಎಕ್ಸ್‌ಪ್ರೆಸ್ ಬಳಗಕ್ಕೆ ಸರ್ಕಾರಿ ಜಾಹೀರಾತು ನಿಂತಿತು. 'ವಾಷಿಂಗ್ಟನ್ ಪೋಸ್ಟ್'ನ ಲೂಯಿಸ್ ಸೈಮನ್ಸ್ ಅವರನ್ನು ದೇಶದಿಂದ ಹೊರಹಾಕಲಾಯಿತು. ಕ್ರಾಸ್ ರೋಡ್ಸ್ ಮೊಕದ್ದಮೆಯನ್ನು ಗೆದ್ದಿದ್ದ ಅದೇ ರೊಮೇಶ್ ಥಾಪರ್, ೧೯೭೬ರಲ್ಲಿ ತಮ್ಮ 'ಸೆಮಿನಾರ್' ಮಾಸಪತ್ರಿಕೆಯನ್ನು ಸೆನ್ಸಾರ್‌ಗೆ ಒಪ್ಪಿಸುವ ಬದಲು ಪ್ರಕಟಣೆಯನ್ನೇ ನಿಲ್ಲಿಸಿದರು.

ಚಿಕ್ಕ ಪತ್ರಿಕೆಗಳ ಇಬ್ಬರು ಸಂಪಾದಕರು ನ್ಯಾಯಾಲಯದ ಮೆಟ್ಟಿಲೇರಿದರು. 'ಫ್ರೀಡಂ ಫಸ್ಟ್' ಪತ್ರಿಕೆಯ ಮೀನೂ ಮಸಾನಿ ಅವರ ಮೊಕದ್ದಮೆಯಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯವು, ಎಲ್ಲ ಪತ್ರಿಕೆಗಳೂ ಒಂದೇ ದನಿಯಲ್ಲಿ ನುಡಿಯುವಂತೆ ಮಾಡುವುದು ಸೆನ್ಸಾರ್ ಅಧಿಕಾರಿಯ ಕೆಲಸವಲ್ಲವೆಂಬ ಅಭಿಪ್ರಾಯವನ್ನು ೧೯೭೬ರಲ್ಲಿ ನೀಡಿತು. ಸರ್ವೋದಯ ಚಳವಳಿಯ ಗುಜರಾತಿ ಪತ್ರಿಕೆ 'ಭೂಮಿಪುತ್ರ'ದ ಪರವಾಗಿ ಚುನೀಭಾಯಿ ವೈದ್ಯ ಹೂಡಿದ ಮೊಕದ್ದಮೆಯಲ್ಲಿ ಗುಜರಾತ್ ಉಚ್ಚ ನ್ಯಾಯಾಲಯವೂ ಸರ್ಕಾರದ ವಿರುದ್ಧ ತೀರ್ಪಿತ್ತಿತು. ಮೂಲಭೂತ ಹಕ್ಕು ಅಮಾನತಾಗಿದ್ದಾಗಲೂ ಅಧಿಕಾರಿಯು ತನಗೆ ಅಧಿಕಾರ ಕೊಟ್ಟ ನಿಯಮವನ್ನು ಮೀರುವಂತಿಲ್ಲ ಎಂಬುದೇ ಈ ವಾದಗಳ ತಿರುಳು.

ಕರ್ನಾಟಕದಲ್ಲಿ

ಸಂಸದೀಯ ಸಮಿತಿಯ ಕೆಲಸಕ್ಕಾಗಿ ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್. ಕೆ. ಆಡ್ವಾಣಿ ಮೊದಲಾದವರು ಜೂನ್ ೨೬ರಂದು ಇಲ್ಲಿಯೇ ಬಂಧಿತರಾದರು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅವರನ್ನು ೧೯೭೬ರಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿ ಇರಿಸಲಾಗಿತ್ತು. ಆಸ್ತಮಾದಿಂದ ನರಳುತ್ತಿದ್ದ ಅವರು ಬಿಡುಗಡೆಯಾದ ಕೆಲವೇ ದಿನಗಳಲ್ಲಿ, ೧೯೭೭ರ ಜನವರಿ ೨೦ರಂದು ತೀರಿಕೊಂಡರು. ಸೆರೆಯಲ್ಲಿ ಅವರು ಬರೆದ ದಿನಚರಿ ಮರಣಾನಂತರ ಬೆಳಕು ಕಂಡಿತು.

ನಂತರದ ಬೆಳವಣಿಗೆಗಳು

ಜನತಾ ಸರ್ಕಾರವು ೧೯೭೭ರಲ್ಲಿ ಆಕ್ಷೇಪಾರ್ಹ ಬರಹಗಳ ಕಾಯಿದೆಯನ್ನು ರದ್ದುಗೊಳಿಸಿ, ಸಂಸತ್ತಿನ ವರದಿಗಾರಿಕೆಯ ರಕ್ಷಣೆಯನ್ನು ಮರಳಿ ತಂದಿತು. 'ಸಮಾಚಾರ್' ೧೯೭೮ರಲ್ಲಿ ವಿಭಜನೆಗೊಂಡು ನಾಲ್ಕೂ ಸಂಸ್ಥೆಗಳು ಬೇರೆಯಾದವು. ಮಾಧ್ಯಮಗಳ ದುರ್ಬಳಕೆಯ ಕುರಿತು ಸರ್ಕಾರವು ಶ್ವೇತಪತ್ರ ಹೊರಡಿಸಿತು, ನ್ಯಾಯಮೂರ್ತಿ ಜೆ. ಸಿ. ಶಾ ಆಯೋಗವೂ ಈ ವಿಷಯವನ್ನು ಪರಿಶೀಲಿಸಿತು. ೧೯೭೮ರ ೪೪ನೆಯ ತಿದ್ದುಪಡಿಯು ಸಂಸತ್ತು ಹಾಗೂ ಶಾಸನಸಭೆಗಳ ಕಲಾಪಗಳ ಯಥಾರ್ಥ ವರದಿಗೆ ೩೬೧ಎ ವಿಧಿಯ ಮೂಲಕ ಸಂವಿಧಾನದಲ್ಲಿಯೇ ಸ್ಥಾನ ಕಲ್ಪಿಸಿತು. ಯುದ್ಧ ಅಥವಾ ಬಾಹ್ಯ ಆಕ್ರಮಣದ ಕಾರಣಕ್ಕೆ ಘೋಷಿಸಿದ ತುರ್ತು ಪರಿಸ್ಥಿತಿಯಲ್ಲಿ ಮಾತ್ರ ೩೫೮ನೆಯ ವಿಧಿಯಂತೆ ೧೯ನೆಯ ವಿಧಿ ಅಮಾನತಾಗತಕ್ಕದ್ದೆಂದೂ ಅದೇ ತಿದ್ದುಪಡಿ ಗೊತ್ತುಪಡಿಸಿತು.