ನಾಳಿನ ಊರು: ಯೋಜನೆಯಲ್ಲಿ ಎಳೆಯರ ಪಾಲು

ಕೆರೆ, ಗದ್ದೆ, ಗೋಮಾಳ, ಬೀದಿ, ಆಟದ ಬಯಲು ಇವೆಲ್ಲ ಸೇರಿ ಒಂದು ಊರಿನ ಭೂದೃಶ್ಯವಾಗುತ್ತದೆ. 2000ದಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ರೂಪುಗೊಂಡ ಯುರೋಪಿನ ಭೂದೃಶ್ಯ ಒಡಂಬಡಿಕೆಯು ಇದನ್ನು ಜನರ ಗ್ರಹಿಕೆಗೆ ಬಂದ ಪ್ರದೇಶವೆಂದೇ ನಿರೂಪಿಸುತ್ತದೆ. ಇಂದಿನ ಯೋಜನೆಯ ಫಲವನ್ನು ಅತಿ ದೀರ್ಘಕಾಲ ಉಣ್ಣುವವರು ಮತದಾನದ ಹಕ್ಕಿಲ್ಲದ ಮಕ್ಕಳು. ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ಅವರಿಗೆ ನೀಡಿದೆ.

ಈ ದಿಸೆಯಲ್ಲಿ ಮೊದಲ ಹೆಜ್ಜೆ ಇಟ್ಟವರಲ್ಲಿ ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ ಪ್ರಮುಖರು. 1970ರ ದಶಕದಲ್ಲಿ ಯುನೆಸ್ಕೋ ಆಶ್ರಯದಲ್ಲಿ ಅವರು ಅರ್ಜೆಂಟೀನಾ, ಆಸ್ಟ್ರೇಲಿಯಾ, ಮೆಕ್ಸಿಕೋ ಮತ್ತು ಪೋಲೆಂಡ್ ದೇಶಗಳ ಮಕ್ಕಳ ಕಣ್ಣಿನಿಂದ ನಗರಗಳನ್ನು ಅಧ್ಯಯನ ಮಾಡಿಸಿದರು. ಫಲಿತಾಂಶ ಅಚ್ಚರಿ ತರುವಂತಿತ್ತು. ಮೆಲ್ಬರ್ನಿನ ಬಡಾವಣೆಯ ಮಕ್ಕಳು ಬೇಸರವನ್ನು ತೋಡಿಕೊಂಡರೆ, ಅರ್ಜೆಂಟೀನಾದ ಸಾಲ್ಟಾ ನಗರದ ಬಡಾವಣೆಯ ಮಕ್ಕಳು ತಮ್ಮ ನೆಲೆಯನ್ನು ಪ್ರೀತಿಯಿಂದ ವರ್ಣಿಸಿದರು.

1990ರ ದಶಕದಲ್ಲಿ ಲೂಯಿಸ್ ಚಾವ್ಲಾ ಈ ಕಾರ್ಯವನ್ನು ಎಂಟು ದೇಶಗಳಲ್ಲಿ ಪುನರಾರಂಭಿಸಿದರು. ಭಾರತದಿಂದ ಆಯ್ಕೆಯಾದದ್ದು ಬೆಂಗಳೂರಿನ ಸತ್ಯನಗರವೆಂಬ ಬಡವರ ವಸತಿ. ಅಲ್ಲಿ ಮಕ್ಕಳು ಚಿತ್ರ ಬರೆದರು, ಸಂಶೋಧಕರನ್ನು ತಮ್ಮ ಓಣಿಗಳಲ್ಲಿ ಕರೆದೊಯ್ದರು. ಸೌಲಭ್ಯಗಳ ಕೊರತೆಯಿದ್ದರೂ ನೆರೆಹೊರೆಯ ಬಾಂಧವ್ಯವನ್ನು ಅವರು ಸಂಪತ್ತಾಗಿ ಕಂಡರು. ಆದರೆ ಮಕ್ಕಳ ಮಾತನ್ನು ಕಾರ್ಯಗತಗೊಳಿಸುವುದು ಕಠಿಣವೆನಿಸಿತು. ಪಾಲ್ಗೊಳ್ಳುವಿಕೆಯ ಘೋಷಣೆಗೂ ಆಚರಣೆಗೂ ನಡುವಿನ ಅಂತರದ ಬಗ್ಗೆ ಆ ತಂಡದವರೇ ಮುಂದೆ ಬರೆದರು.

ಈ ಅಂತರವನ್ನು ಅಳೆಯಲು ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್ ಪ್ರಕಟಿಸಿದ ಪ್ರಬಂಧದಲ್ಲಿ ಎಂಟು ಮೆಟ್ಟಿಲುಗಳ ಏಣಿಯೊಂದನ್ನು ಸೂಚಿಸಿದ್ದಾರೆ. ಮಕ್ಕಳನ್ನು ಗೊಂಬೆಗಳಂತೆ ಆಡಿಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗಷ್ಟೇ ಕೇಳುವುದು ಎಂಬ ಕೆಳಗಿನ ಮೂರು ಮೆಟ್ಟಿಲುಗಳನ್ನು ಅವರು ಪಾಲ್ಗೊಳ್ಳುವಿಕೆಯೆಂದು ಒಪ್ಪುವುದಿಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಗಳಿಗೂ ಇದೇ ಒರೆಗಲ್ಲು ಸಲ್ಲುತ್ತದೆ. ಶಾಲೆಯ ಹಾದಿಯ ಹಳ್ಳಕ್ಕೆ ಕಾಲುಸಂಕ ಬೇಕೆಂದು ಮಗು ಕೇಳಿದರೆ, ಆ ಬೇಡಿಕೆ ನಡಾವಳಿಯ ಪುಸ್ತಕದಿಂದ ಆಯವ್ಯಯದ ಪಟ್ಟಿಗೆ ತಲುಪಬೇಕು.

ವೈದ್ಯನು ರೋಗಿಯ ಮಾತನ್ನು ಕೇಳಿ, ಪರೀಕ್ಷಿಸಿ, ಚಿಕಿತ್ಸೆ ನೀಡಿ, ಮತ್ತೆ ಕರೆಸಿ ನೋಡುತ್ತಾನೆ. ಕೇಳಿಕೊಂಡು ಸುಮ್ಮನಾದರೆ ಅದು ವೈದ್ಯವಲ್ಲ. ಊರಿನ ಯೋಜನೆಗೂ ಈ ಕ್ರಮವೇ ಹೊಂದುತ್ತದೆ. ನಾವು ನೆಲಸಿರುವ ದೇಶಗಳ ನಗರಸಭೆಗಳು ಉದ್ಯಾನ ಅಥವಾ ಬಡಾವಣೆಯ ಬಗ್ಗೆ ನಮ್ಮ ಮಕ್ಕಳ ಅಭಿಪ್ರಾಯ ಕೇಳಿದಾಗ ಹೆತ್ತವರು ವಿಚಾರಿಸಬೇಕಾದ ಮೂರು ಸಂಗತಿಗಳಿವೆ: ಯಾವ ನಿರ್ಧಾರ ಇನ್ನೂ ಬದಲಾಗಬಲ್ಲದು? ಮಕ್ಕಳ ಸಲಹೆಗೆ ಉತ್ತರಿಸುವ ಹೊಣೆ ಯಾರದು? ಸಲಹೆಯನ್ನು ಕೈಬಿಟ್ಟರೆ ಕಾರಣವನ್ನು ಆ ಮಕ್ಕಳಿಗೇ ತಿಳಿಸುವರೇ? ಈ ಮೂರಕ್ಕೂ ಸ್ಪಷ್ಟ ಉತ್ತರ ದೊರೆತಲ್ಲಿ ಮಕ್ಕಳನ್ನು ಧೈರ್ಯವಾಗಿ ಕಳುಹಿಸಬಹುದು.